ಉಬುಂಟು ಬೀಟಾ ಟೆಸ್ಟ್ ಮಾಡೋದು ಹೇಗೆ? ಕನ್ನಡ ಟೈಪ್ ಮಾಡೋದ್ರಿಂದಲೇ ಶುರು ಮಾಡಿ

ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತೆ, ಏಪ್ರಿಲ್ ಮತ್ತೆ ಅಕ್ಟೋಬರ್. 24.04 ಅಂದ್ರೆ 2024ರ ನಾಲ್ಕನೇ ತಿಂಗಳದ್ದು ಅಂತ. ರಿಲೀಸ್‌ಗೆ ಕೆಲವು ವಾರ ಮುಂಚೆ ಬೀಟಾ, ಅಂದ್ರೆ ಜನ ಬಳಸಿ ತಪ್ಪು ಹುಡುಕಲಿ ಅಂತ ಪ್ರಯೋಗದ ಆವೃತ್ತಿ, ಬಿಡ್ತಾರೆ. ಅದಕ್ಕೂ ಮೊದ್ಲು ದಿನಾ ಹೊಸದಾಗಿ ತಯಾರಾಗೋ ಡೈಲಿ ಬಿಲ್ಡ್ ಸಿಗುತ್ತೆ, ಆದ್ರೆ ಅದು ಇವತ್ತು ಬೂಟ್ ಆಗಿದ್ದು ನಾಳೆ ಆಗದೇ ಇರಬಹುದು, ಹಾಗಾಗಿ ಮೊದಲ ಸಲ ಮಾಡೋರು ಬೀಟಾ ತಗೊಳ್ಳಿ.

ಡೌನ್‌ಲೋಡ್ ಆದ ಐಎಸ್ಒ (ಇನ್ಸ್ಟಾಲ್ ಮಾಡೋಕೆ ಬೇಕಾದ) ಫೈಲ್‌ನ ಎಸ್ಎಚ್ಎ256 ಸಂಖ್ಯೆನ (ಫೈಲ್ ಸರಿಯಾಗಿ ಇಳಿದಿದ್ಯಾ ಅಂತ ತಿಳಿಸೋ ಗುರುತು) ಸೈಟ್‌ನಲ್ಲಿ ಕೊಟ್ಟಿರೋದರ ಜೊತೆ ತಾಳೆ ನೋಡಿ. ಅರ್ಧಂಬರ್ಧ ಇಳಿದ ಫೈಲ್ ಹಾಕ್ಕೊಂಡು ಇನ್‌ಸ್ಟಾಲರ್ ಸರಿ ಇಲ್ಲ ಅಂತ ದೂರು ಕೊಟ್ರೆ ಎಲ್ರ ಟೈಮೂ ಹಾಳು.

ದಿನಾ ಕೆಲಸ ಮಾಡೋ ಕಂಪ್ಯೂಟರ್‌ಗೆ ಮಾತ್ರ ಹಾಕ್ಬೇಡಿ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸೋ ವರ್ಚುವಲ್‌ಬಾಕ್ಸ್‌ನಲ್ಲಿ 4 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್ ಆದ್ರೂ ಕೊಡಿ. ಅಲ್ಲಿ ವೈಫೈ, ಬ್ಲೂಟೂತ್, ಸ್ಲೀಪ್ ಇವೆಲ್ಲ ನಿಜವಾಗಿ ಟೆಸ್ಟ್ ಆಗಲ್ಲ, ಅದಕ್ಕೆ ಒಂದು ಹಳೇ ಲ್ಯಾಪ್‌ಟಾಪ್ ಬೇಕು. ಹಳೇದೇ ಯಾಕೆ ಅಂದ್ರೆ, ಪೂರ್ತಿ ರಿಲೀಸ್ ಆಗಿದ್ದ 17.10ನ್ನೇ 2017ರ ಡಿಸೆಂಬರ್‌ನಲ್ಲಿ ಡೌನ್‌ಲೋಡ್‌ನಿಂದ ತೆಗೀಬೇಕಾಯ್ತು, ಒಂದು ಇಂಟೆಲ್ ಡ್ರೈವರ್‌ನಿಂದ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದ್ಲು ಓಡೋ ಸಾಫ್ಟ್ವೇರ್) ಸೆಟ್ಟಿಂಗ್ಸ್ ಸೇವ್ ಆಗೋದೇ ನಿಂತುಹೋಗಿತ್ತು.

ಈಗ ಮುಖ್ಯ ಕೆಲಸ. ಇನ್‌ಸ್ಟಾಲರ್ ಓಡುತ್ತಾ ಅಂತ ಪ್ರಪಂಚದಲ್ಲಿ ಎಷ್ಟೋ ಜನ ನೋಡ್ತಾರೆ, ಕನ್ನಡ ಸರಿ ಕಾಣುತ್ತಾ ಅಂತ ನಾವು ನೋಡ್ದೆ ಇನ್ಯಾರು ನೋಡ್ಬೇಕು ಹೇಳಿ? ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗಕ್ಕೆ ಹೋಗಿ ಕನ್ನಡ ಕಗಪ ಲೇಔಟ್ ಸೇರಿಸ್ಕೊಳ್ಳಿ. ಸ್ತ್ರೀ, ರಾಷ್ಟ್ರ, ಜ್ಞಾನ, ಕ್ಷಮೆ ಟೈಪ್ ಮಾಡಿ, ಒತ್ತಕ್ಷರ ಕೆಳಗೆ ಕೂತಿದ್ಯಾ ಅಥವಾ ಪಕ್ಕಕ್ಕೆ ಬಿಡಿಬಿಡಿಯಾಗಿ ಬಿದ್ದಿದ್ಯಾ ನೋಡಿ. 'ಸೂರ್ಯ'ದಲ್ಲಿ ಅರ್ಕಾವತ್ತು ಬರ್ಬೇಕು, 'ರ‍್ಯಾಂಕ್'ನಲ್ಲಿ ಬರಬಾರದು. ಬ್ಯಾಕ್‌ಸ್ಪೇಸ್ ಒತ್ತಿದ್ರೆ ಎಷ್ಟು ಅಳಿಯುತ್ತೆ ಗಮನಿಸಿ. ಇದನ್ನೇ ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಮಾಡಿ, ಪಿಡಿಎಫ್ ಮಾಡಿ, ಅದರಿಂದ ವಾಪಸ್ ಕಾಪಿ ಮಾಡಿದ್ರೆ ಅದೇ ಪದ ಬರುತ್ತಾ ಅಂತಾನೂ ನೋಡಿ.

ಸಣ್ಣ ವ್ಯತ್ಯಾಸ ಅಂತ ಬಿಡ್ಬೇಡಿ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಡೆವಲಪರ್, ಉಬುಂಟುಗೆ ಬುನಾದಿಯಾದ ಡೆಬಿಯನ್‌ನ ಇನ್ನೂ ಸ್ಟೇಬಲ್ ಆಗದ ಆವೃತ್ತಿಯಲ್ಲಿ ಎಸ್ಎಸ್ಎಚ್ (ದೂರದ ಕಂಪ್ಯೂಟರ್ ಒಳಗೆ ಹೋಗೋ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅಂತ ಬೆನ್ನು ಹತ್ತಿದ್ರು, ಕೊನೆಗೆ ಸಿಕ್ಕಿದ್ದು ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬೇಕಂತಲೇ ಇಟ್ಟಿದ್ದ ಕಳ್ಳಬಾಗಿಲು. ಅದೇ ಕಾರಣಕ್ಕೆ ಉಬುಂಟು 24.04 ಬೀಟಾ ಒಂದು ವಾರ ಮುಂದಕ್ಕೆ ಹೋಯ್ತು. ಅರ್ಧ ಸೆಕೆಂಡ್ ತಾನೇ ಅಂತ ಅವ್ರು ಸುಮ್ನಿದ್ದಿದ್ರೆ ಅದು ಎಷ್ಟು ಸರ್ವರ್‌ಗಳಿಗೆ ಸೇರ್ಕೊಳ್ತಿತ್ತೋ.

ತಪ್ಪು ಸಿಕ್ತು ಅಂದ್ರೆ ಮೊದ್ಲು ಉಬುಂಟು ತಪ್ಪುಗಳನ್ನ ದಾಖಲಿಸೋ ಸೈಟ್ ಆದ ಲಾಂಚ್‌ಪ್ಯಾಡ್‌ನಲ್ಲಿ ಹುಡುಕಿ, ಆಗಲೇ ಯಾರಾದ್ರೂ ಹಾಕಿದ್ರೆ ನಿಮಗೂ ಬಂತು ಅಂತ ಅಲ್ಲೇ ಸೇರಿಸಿ. ಇಲ್ಲಾಂದ್ರೆ ಟರ್ಮಿನಲ್‌ನಲ್ಲಿ ಉಬುಂಟು-ಬಗ್ (ubuntu-bug) ಅನ್ನೋ ಕಮಾಂಡ್ ಜೊತೆ ಪ್ಯಾಕೇಜ್ ಹೆಸರು ಕೊಡಿ, ಸಿಸ್ಟಮ್ ವಿವರ ಅದೇ ಸೇರಿಸ್ಕೊಳ್ಳುತ್ತೆ. ಏನು ಮಾಡಿದ್ರಿ, ಏನು ಆಗ್ಬೇಕಿತ್ತು, ಏನಾಯ್ತು, ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತಾ, ಇಷ್ಟು ಬರೀರಿ. ಓದೋ ಡೆವಲಪರ್‌ಗೆ ಕನ್ನಡ ಬರಲ್ಲ ಅಂತಾನೇ ಇಟ್ಕೊಳ್ಳಿ, ಬರೀ 'ಅಕ್ಷರ ಒಡೆದಿದೆ' ಅಂದ್ರೆ ಅವರಿಗೆ ಸರಿ ಯಾವುದು ತಪ್ಪು ಯಾವುದು ಗೊತ್ತಾಗಲ್ಲ, ಹಾಗಾಗಿ ತಪ್ಪಾಗಿರೋ ಸ್ಕ್ರೀನ್‌ಶಾಟ್ ಪಕ್ಕ ಹಳೇ ಆವೃತ್ತಿಯ ಸರಿಯಾದ ಸ್ಕ್ರೀನ್‌ಶಾಟ್ ಇಡಿ, ಫಾಂಟ್ ಹೆಸರು ಹೇಳಿ, ಯಾವ ಕೀ ಯಾವ ಕ್ರಮದಲ್ಲಿ ಒತ್ತಿದ್ರಿ ಅಂತ ಬಿಡಿಸಿ ಬರೀರಿ.

ಸರಿಮಾಡಿದೀವಿ ಅಂತ ಮೇಲ್ ಬಂದ್ಮೇಲೆ ಅಪ್‌ಡೇಟ್ ಮಾಡ್ಕೊಂಡು ಅದೇ ಪದ ಮತ್ತೆ ಟೈಪ್ ಮಾಡಿ, ಸರಿಹೋಗಿದ್ರೂ ಹೋಗದಿದ್ರೂ ಅಲ್ಲೇ ಒಂದು ಸಾಲು ಬರೀರಿ. ರಿಲೀಸ್ ದಿನ ಹೊಸದಾಗಿ ಇನ್‌ಸ್ಟಾಲ್ ಮಾಡೋದೇನೂ ಬೇಡ, ಅಪ್‌ಡೇಟ್ ಆಗ್ತಾ ಬಂದ ಬೀಟಾನೇ ಫೈನಲ್ ಆಗಿರುತ್ತೆ.