ಸ್ಮ್ಯಾಶ್ ಕಮ್ಮಿ ಮಾಡಿ ಗೆದ್ದೆ: 47ನೇ ವಯಸ್ಸಿನಲ್ಲಿ ಪ್ರಕಾಶ್ ಪಡುಕೋಣೆ ಆಟ ಕಲಿತ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಬ್ಯಾಡ್ಮಿಂಟನ್‌ನಲ್ಲಿ ಜೋರಿಗಿಂತ ಜಾಣತನ ನಂಬುವ ಪ್ರಕಾಶ್ ಪಡುಕೋಣೆ ಶೈಲಿಯ ಈ ಆಟ ನನ್ನ ಕೈ ಹಿಡಿಯಿತು. 45 ದಾಟಿದವರ ಸಿಂಗಲ್ಸ್ ಗೆದ್ದೆ. ಐದು ಮ್ಯಾಚ್‌ನಲ್ಲಿ ಪೂರ್ತಿ ಜೋರಿನ ಸ್ಮ್ಯಾಶ್ (ಕಾಕ್, ಅಂದರೆ ಶಟಲ್ ಅನ್ನು ಮೇಲಿಂದ ಕೆಳಕ್ಕೆ ಬಡಿಯುವ ಹೊಡೆತ) ಹೊಡೆದದ್ದು ಒಂದು 20 ಸಲ ಇರಬಹುದು, ಅಷ್ಟೇ. ಒಂದೂವರೆ ವರ್ಷದ ಹಿಂದೆ ಹೀಗೆ ಆಡುತ್ತೇನೆ ಎಂದಾಗ ನಮ್ಮ ಬೆಳಗಿನ ಬ್ಯಾಚ್‌ನಲ್ಲಿ ಒಬ್ಬರೂ ನಂಬಲಿಲ್ಲ.

ಶುರುವಾಗಿದ್ದು ಮಂಡಿ ನೋವಿನಿಂದ. ಜಂಪ್ ಸ್ಮ್ಯಾಶ್ ಬಿಡಿ ಎಂದು ಡಾಕ್ಟರ್ ಹೇಳಿದರು. ಬಿಟ್ಟರೆ ನನ್ನ ಆಟದಲ್ಲಿ ಉಳಿಯುವುದೇನು? ಆ ಯೋಚನೆಯಲ್ಲೇ ರಾತ್ರಿ ಕೂತು 1980ರ ಆಲ್ ಇಂಗ್ಲೆಂಡ್ ಫೈನಲ್‌ನ ಮಸುಕು ತುಣುಕುಗಳನ್ನು ಮತ್ತೆ ಮತ್ತೆ ನೋಡಿದೆ. ಆಚೆ ಕಡೆ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್, ಅವರ ಜಂಪ್ ಸ್ಮ್ಯಾಶ್‌ಗೆ ಜಗತ್ತೇ ಹೆದರುತ್ತಿತ್ತು. ಆ ಕಿಂಗ್ ಅವರನ್ನೇ ಪ್ರಕಾಶ್ 15-3, 15-10ರಲ್ಲಿ ಮುಗಿಸಿದರು. ವೇಗಕ್ಕೆ ವೇಗ ಕೊಡಲೇ ಇಲ್ಲ. ಡೀಪ್ ಟಾಸ್ (ಕೋರ್ಟ್‌ನ ಹಿಂತುದಿಗೆ ಎತ್ತಿ ಹೊಡೆಯುವುದು), ಡ್ರಾಪ್ (ನೆಟ್ ದಾಟಿದ ಕೂಡಲೇ ಮೆಲ್ಲಗೆ ಬೀಳಿಸುವುದು), ಹಾಫ್ ಸ್ಮ್ಯಾಶ್ (ಅರ್ಧ ಜೋರಿನದು), ಮತ್ತೆ ಟಾಸ್. ನೆಗೆಯುವವನಿಗೆ ನೆಗೆಯಲು ಜಾಗವೇ ಇಲ್ಲದ ಹಾಗೆ. ಆ ವರ್ಷ ಅದಕ್ಕೆ ಮುಂಚೆ ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್ ಕೂಡ ಗೆದ್ದಿದ್ದರು, ಹಾಗಾಗಿ ಇದು ಒಂದು ದಿನದ ಅದೃಷ್ಟ ಅಲ್ಲ.

ಬ್ಯಾಚ್‌ನಲ್ಲಿ ಒಬ್ಬರು ನೇರವಾಗಿ ಹೇಳಿದರು, "ಸಾರ್, ಅದು 15 ಪಾಯಿಂಟ್ ಕಾಲದ ಆಟ. ಆಗ ಸರ್ವ್ ಮಾಡೋನಿಗೆ ಮಾತ್ರ ಪಾಯಿಂಟ್. ಈಗ ಹಂಗೆ ಆಡಿದ್ರೆ ಅರ್ಧ ಗಂಟೇಲಿ ಮನೆಗೆ ಹೋಗ್ತೀರ." ನನ್ನ ಲೆಕ್ಕ ಉಲ್ಟಾ. ಈಗ ಒಂದೊಂದು ತಪ್ಪಿಗೂ ಎದುರಿನವನಿಗೆ ಪಾಯಿಂಟ್ ಹೋಗುತ್ತದೆ. ನಮ್ಮ ವಯಸ್ಸಿನಲ್ಲಿ ಜಾಸ್ತಿ ತಪ್ಪಾಗುವುದು ಸ್ಮ್ಯಾಶ್‌ನಲ್ಲೇ, ನೆಟ್‌ಗೆ ಇಲ್ಲವೇ ಸೈಡ್‌ಲೈನ್ ಆಚೆಗೆ. ಹಾಗಾದರೆ ಅದನ್ನೇ ಅಲ್ವಾ ಮೊದಲು ಕಮ್ಮಿ ಮಾಡಬೇಕಾದ್ದು?

ಲೆಕ್ಕ ಸರಿ ಇತ್ತು, ಆಟ ಸರಿ ಇರಲಿಲ್ಲ. ಮೊದಲ ಮೂರು ತಿಂಗಳು ಬರೀ ಸೋಲು. 21-9, 21-11, ಒಂದು ದಿನ 21-6 ಕೂಡ. ನಾನು ಡ್ರಾಪ್ ಹಿಂದೆ ಬಿದ್ದಿದ್ದೆ. ನೆಟ್ ಸವರಿಕೊಂಡು ಬೀಳುವ ಹಾಗೆ ಡ್ರಾಪ್ ಹಾಕುತ್ತಿದ್ದೆ, ಆದರೂ ಎದುರಿನವನು ಆರಾಮಾಗಿ ಬಂದು ಡ್ರಿಬಲ್ ಮಾಡಿ, ಅಂದರೆ ನೆಟ್ ಹತ್ತಿರವೇ ಮೆಲ್ಲಗೆ ಈಚೆ ದಾಟಿಸಿ, ಹೋಗುತ್ತಿದ್ದ. ದುಡ್ಡು ಬೇರೆ ನೀರಿನಂತೆ ಹರಿಯಿತು. ಬ್ಯಾಚ್ ಬಿಟ್ಟು ವಾರಕ್ಕೆ ಮೂರು ಗಂಟೆ ಬೇರೆ ಕೋರ್ಟ್, ಗಂಟೆಗೆ ಸುಮಾರು 350 ರೂಪಾಯಿ. ಫೆದರ್ ಕಾಕ್ (ಗರಿಯ ಶಟಲ್) ಡಬ್ಬಿಗೆ 1,800ರ ಹತ್ತಿರ, ವಾರಕ್ಕೆ ಎರಡು ಡಬ್ಬಿ. ಮೂರನೇ ತಿಂಗಳಿಂದ ಬುದ್ಧಿ ಬಂತು. ಒಂದು ಅಕಾಡೆಮಿಯಲ್ಲಿ ಹುಡುಗರು ಆಡಿ ಬಿಟ್ಟ ಕಾಕ್‌ಗಳನ್ನು ಒಂದಕ್ಕೆ 25ರ ಹಾಗೆ ತಂದೆ. ರಾತ್ರಿ ಕುಕ್ಕರ್ ಹಬೆಗೆ ಗರಿ ಹಿಡಿದು, ಡಬ್ಬಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ತೆಗೆದರೆ ಗರಿ ಬೇಗ ಮುರಿಯುವುದಿಲ್ಲ. ಕಾರ್ಕ್‌ಗೆ ಹಬೆ ತಾಗಬಾರದು, ನೆನಪಿರಲಿ. ಆರು ತಿಂಗಳಿಗೆ ಎಲ್ಲಾ ಸೇರಿ 65-70 ಸಾವಿರ ಆಗಿರಬೇಕು. ಮನೆಯಲ್ಲಿ ಹೇಳಿದ್ದು ಅದರ ಅರ್ಧ.

ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ಮೊಬೈಲ್ ನಿಲ್ಲಿಸಿ ನನ್ನದೇ ಆಟ ತೆಗೆದು ನೋಡಿದಾಗ. ಡ್ರಾಪ್‌ನಲ್ಲಿ ತಪ್ಪೇ ಇರಲಿಲ್ಲ, ಟಾಸ್ ಶಾರ್ಟ್ ಆಗುತ್ತಿತ್ತು. ಎದುರಿನವನು ಕೋರ್ಟ್ ಮಧ್ಯದಲ್ಲೇ ನಿಂತಿದ್ದರೆ ಎಂಥಾ ಡ್ರಾಪ್ ಹಾಕಿದರೂ ಎರಡು ಹೆಜ್ಜೆಯಲ್ಲಿ ಎತ್ತುತ್ತಾನೆ. ಆಮೇಲೆ ಎರಡು ತಿಂಗಳು ಡ್ರಾಪ್ ಮುಟ್ಟಲೇ ಇಲ್ಲ. ಕೋರ್ಟ್‌ನ ಹಿಂತುದಿಯಲ್ಲಿ ಡಬಲ್ಸ್ ಸರ್ವಿಸ್ ಲೈನ್‌ಗೂ ಬೇಸ್‌ಲೈನ್‌ಗೂ ನಡುವೆ 76 ಸೆಂಟಿಮೀಟರ್ ಪಟ್ಟಿ ಇದೆಯಲ್ಲ, ಅಲ್ಲಿ ಒಂದು ಹಳೇ ಟವೆಲ್ ಹಾಸಿದೆ. ಒಂದು ಮೂಲೆಗೆ 50 ಟಾಸ್, ಇನ್ನೊಂದು ಮೂಲೆಗೆ 50. ಆ ಪಟ್ಟಿಯಲ್ಲಿ ಬೀಳದ್ದು ಲೆಕ್ಕಕ್ಕಿಲ್ಲ. ಮೊದಲು ಹತ್ತಕ್ಕೆ ಮೂರು ಬೀಳುತ್ತಿತ್ತು. ಹತ್ತಕ್ಕೆ ಏಳು ಬೀಳತೊಡಗಿದ ವಾರ, ಅದೇ ಹಳೇ ಡ್ರಾಪ್‌ಗೆ ಪಾಯಿಂಟ್ ಬರಲು ಶುರುವಾಯಿತು. ನಾನು ಡ್ರಾಪ್‌ನಲ್ಲಿ ಏನೂ ಬದಲಾಯಿಸಿರಲಿಲ್ಲ!

ಇನ್ನು ಆಕ್ಷನ್, ಅಂದರೆ ಹೊಡೆಯುವಾಗ ಮೈ ಕೈ ಆಡುವ ರೀತಿ. ಟಾಸ್, ಡ್ರಾಪ್, ಹಾಫ್ ಸ್ಮ್ಯಾಶ್ ಮೂರಕ್ಕೂ ಒಂದೇ ಭುಜ, ಒಂದೇ ಮೊಣಕೈ, ಎಡಗೈ ಕಾಕ್ ಕಡೆಗೆ. ವ್ಯತ್ಯಾಸ ಬೆರಳಿನಲ್ಲಿ ಮಾತ್ರ. ಹಾಫ್ ಸ್ಮ್ಯಾಶ್‌ಗೆ ಕಾಕ್ ಸ್ವಲ್ಪ ಮುಂದೆ ಸಿಗಬೇಕು, ಹೊಡೆಯುವ ಗಳಿಗೆಯಲ್ಲಿ ಕಿರುಬೆರಳು ಉಂಗುರಬೆರಳು ಬಿಗಿಯಾಗಬೇಕು. ಡ್ರಾಪ್‌ಗೆ ಅವು ಸಡಿಲವಾಗೇ ಇರಬೇಕು, ಗುಬ್ಬಚ್ಚಿ ಹಿಡಿದ ಹಾಗೆ. ಗಟ್ಟಿಂಗ್, ಅಂದರೆ ರ‍್ಯಾಕೆಟ್ ತಂತಿಯ ಬಿಗಿ, 26ರಿಂದ 23 ಪೌಂಡ್‌ಗೆ ಇಳಿಸಿದೆ, ಟಾಸ್‌ಗೆ ಅರ್ಧ ಶ್ರಮ ಉಳಿಯಿತು. ಎದುರಿನವನು ಅರೆಗಳಿಗೆ ನಿಂತುಬಿಡುವ ಹಾಗೆ ಮಾಡಲು ಎಡ ಪಾದದ್ದು ಒಂದು ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷವೂ ಇದೇ ಜನರ ಜೊತೆ ಆಡಬೇಕಲ್ಲ.

ಮಧ್ಯೆ ಇನ್ನೊಂದು ಪ್ರಯೋಗವೂ ಆಯಿತು. ಪ್ರಕಾಶ್ ಚಿಕ್ಕಂದಿನಲ್ಲಿ ಆಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ, ಮದುವೆ ಇದ್ದ ದಿನ ಆಟ ಇಲ್ಲ. ನನಗೂ ಹಾಗೆ ಆಡಿ ನೋಡುವ ಆಸೆ. ಆಷಾಢದಲ್ಲಿ ಮದುವೆ ಎಲ್ಲಿರುತ್ತದೆ? ಪರಿಚಯದ ಒಬ್ಬರ ಕಲ್ಯಾಣ ಮಂಟಪ ಖಾಲಿ ಇತ್ತು, ಕರೆಂಟ್ ದುಡ್ಡು ಕೊಟ್ಟು ಬೆಳಿಗ್ಗೆ ಆಡಿ ಎಂದರು. ನಮ್ಮ ಮಂಟಪದ ಸೂರು ತಗ್ಗು. ಟಾಸ್ ಎಲ್ಲಾ ಫ್ಯಾನ್‌ಗೆ ಹೋಗಿ ಬಡಿಯಿತು. ಅನಿವಾರ್ಯವಾಗಿ ಟಾಸ್ ತಗ್ಗಿಸಿ, ಎದುರಿನವನ ರ‍್ಯಾಕೆಟ್‌ಗೆ ಒಂದು ಗೇಣು ಮೇಲೆ ಹೋಗುವ ಹಾಗೆ ತಳ್ಳಬೇಕಾಯಿತು. ಆ ಚಪ್ಪಟೆ ಟಾಸ್ ಈಗ ನನ್ನ ಆಟದಲ್ಲಿ ಎಲ್ಲಕ್ಕಿಂತ ಒಳ್ಳೇ ಹೊಡೆತ. ಆದರೆ ಗ್ರಾನೈಟ್ ನೆಲ, ಮೂರು ವಾರಕ್ಕೆ ಮಂಡಿ ಮತ್ತೆ ಊದಿತು. ನೀವು ಆ ತಪ್ಪು ಮಾಡಬೇಡಿ.

ಮಂಗಳೂರಿನಲ್ಲಿ ಒಂದು ಸಲ ಆಡಿ ಸೋತೆ. ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು, ಕಾಕ್ ಓಡುತ್ತದೆ. ಇಲ್ಲಿಂದ ಒಯ್ದಿದ್ದ ಅದೇ ಸ್ಪೀಡ್‌ನ ಕಾಕ್ ಮಂಗಳೂರಿನಲ್ಲಿ ಟಾಸ್‌ಗೆ ಒಂದಡಿ ಶಾರ್ಟ್ ಬಿತ್ತು. ಮೊದಲ ಗೇಮ್ ಮುಗಿಯುವವರೆಗೂ ನನಗೆ ಅದು ಹೊಳೆಯಲಿಲ್ಲ.

ಇನ್ನೊಂದು ಮಾತು. ಪ್ರಕಾಶ್ ಅಂದರೆ ಬರೀ ಟಚ್ ಆಟ, ನಯವಾದ ಕೈಚಳಕ ಎಂದುಕೊಂಡು ಸ್ಮ್ಯಾಶ್ ಪೂರ್ತಿ ಬಿಟ್ಟರೆ ಕೆಟ್ಟಿರಿ. ಸತತ ಒಂಬತ್ತು ಸಲ ನ್ಯಾಷನಲ್ ಗೆದ್ದವರಿಗೆ ಹೊಡೆಯುವುದು ಗೊತ್ತಿರಲಿಲ್ಲವೇ? ಜೋರು ಸ್ಮ್ಯಾಶ್ ಬರಬಹುದು ಎಂಬ ಭಯ ಇದ್ದರೆ ಮಾತ್ರ ಹಾಫ್ ಸ್ಮ್ಯಾಶ್‌ಗೆ ಬೆಲೆ. ನಾನು ಗೇಮ್‌ಗೆ ಎರಡು ಹೊಡೆಯುತ್ತೇನೆ, ಆದಷ್ಟೂ ಶುರುವಿನಲ್ಲೇ.

ಈ ಆಟಕ್ಕೆ ಎದುರಿನವನು ಎರಡನೇ ಗೇಮ್ ಹೊತ್ತಿಗೆ ಒಗ್ಗಿಕೊಳ್ಳುತ್ತಾನೆ, ಅದಕ್ಕೂ ತಯಾರಿರಬೇಕು. 1981ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಮೇಲೆ ಪ್ರಕಾಶ್ ಮೊದಲ ಗೇಮ್ 15-0, ಎರಡನೆಯದು 18-16. ನನ್ನ ಫೈನಲ್ ಕೂಡ ಹಾಗೇ ಆಯಿತು. ಮೊದಲನೆಯದು 21-12. ಎರಡನೆಯದರಲ್ಲಿ 20-20. ಅವರು ನನ್ನ ಡ್ರಾಪ್ ಓದಿಬಿಟ್ಟಿದ್ದರು, ನಾನು ಭುಜ ತಿರುಗಿಸಿದ ಕೂಡಲೇ ಅರ್ಧ ಹೆಜ್ಜೆ ಮುಂದೆ ಬರುತ್ತಿದ್ದರು. ಅವರು ನೆಟ್ ಹತ್ತಿರದಿಂದ ಎತ್ತಿ ಹೊಡೆದ ಲಿಫ್ಟ್ ಹೊರಗೆ ಹೋಗಿ ನನಗೊಂದು ಪಾಯಿಂಟ್ ಬಂತು. ಮುಂದಿನ ರ‍್ಯಾಲಿಯಲ್ಲಿ ಬೆರಳು ಸಡಿಲವಿಟ್ಟು, ಮೈಯೆಲ್ಲಾ ಡ್ರಾಪ್‌ನಂತೆ ತೋರಿಸಿ, ಮಂಟಪದ ಆ ಚಪ್ಪಟೆ ಟಾಸ್ ಅವರ ಬ್ಯಾಕ್‌ಹ್ಯಾಂಡ್ ಮೂಲೆಗೆ ತಳ್ಳಿದೆ. ಅವರು ತಿರುಗಿದರು, ಕೈ ಚಾಚಿದರು, ಸಿಗಲಿಲ್ಲ. ಟವೆಲ್ ಹಾಸುತ್ತಿದ್ದೆನಲ್ಲ, ಆ ಪಟ್ಟಿಯಲ್ಲೇ ಕಾಕ್ ಬಿತ್ತು.

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಹೋದರೆ, 15 ಪಾಯಿಂಟ್ ಕಾಲದ ಆಟ ಎಂದವರು ನನಗಿಂತ ಮುಂಚೆ ಬಂದು ನಿಂತಿದ್ದರು. ಒಂದು ಕೈಯಲ್ಲಿ ಹೊಸ ಕಾಕ್ ಡಬ್ಬಿ, ಇನ್ನೊಂದರಲ್ಲಿ ಮನೆಯಿಂದ ತಂದ ಟವೆಲ್.