ಖಾರ ತಿಂದ್ರ ಬಾಯಿ ಉರೀತೈತೇನ್ರಿ?

ಮೊದಲ ಶಿಬಿರದಲ್ಲೇ ಕೈ ಸುಟ್ಟುಕೊಂಡೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಹತ್ತಿರ ಪೆಂಡಾಲ್, ಮೈಕು, 'ಕ್ಯಾನ್ಸರ್ ತಪಾಸಣೆ' ಅಂತ ದೊಡ್ಡ ಫ್ಲೆಕ್ಸ್. ಖರ್ಚು 6,000ದ ಹತ್ತಿರ, ಅದರಲ್ಲಿ 2,000 ನನ್ನ ಕೈಯಿಂದ. ಬಂದವರು 11 ಜನ. ಹಮಾಲರು ಒಬ್ಬರೂ ಇಲ್ಲ. "ಗುಟ್ಕಾ ತಿನ್ನೋರು ಬಾಯಿ ತೆರೆಯಲ್ಲ, ಸುಮ್ನೆ ಬಿಡಿ" ಅಂತ ನನ್ನ ಜೊತೆಯ ಸಿಎಚ್‌ಒಗಳೇ (ಸಮುದಾಯ ಆರೋಗ್ಯ ಅಧಿಕಾರಿಗಳು) ಹೇಳಿದರು.

ಮುಂದಿನ ಸೀಸನ್‌ಗೆ ಫ್ಲೆಕ್ಸ್ ಬಿಟ್ಟೆ, 'ಕ್ಯಾನ್ಸರ್' ಅನ್ನೋ ಪದವನ್ನೂ ಬಿಟ್ಟೆ. ಟಾರ್ಚು, ಗ್ಲೌಸು ಹಿಡಿದು ಬೆಳಿಗ್ಗೆ ಚಹಾ ಅಂಗಡಿ ಬೆಂಚಿನ ಮೇಲೆ ಕೂತೆ. ಕೇಳಿದ್ದು ಒಂದೇ: "ಖಾರ ತಿಂದ್ರ ಬಾಯಿ ಉರೀತೈತೇನ್ರಿ?" ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ದಿನಾ ಅದರ ಧೂಳಲ್ಲೇ ಚೀಲ ಹೊರುವವನಿಗೆ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಬಾಯಿ ನೋಡಲೇಬೇಕು, ಅಲ್ವಾ? 24ರ ಆಸುಪಾಸಿನ ಹುಡುಗನೊಬ್ಬ, "ಹೌದ್ರೀ ಅಕ್ಕಾರ, ಈಗೀಗ ಬರೇ ಮಸರನ್ನ" ಅಂದ. ಬಾಯಿ ಎಷ್ಟು ತೆರೆಯುತ್ತೆ ನೋಡೋಕೆ ಮೂರು ಬೆರಳು ನಿಲ್ಲಿಸಿ ಇಡಿಸಿದೆ. ಎರಡೇ ಹೋದವು, ಅದೂ ಕಷ್ಟದಲ್ಲಿ. ಕೆನ್ನೆಯೊಳಗೆ ಬೆರಳಾಡಿಸಿದರೆ ಹಗ್ಗದ ಎಳೆಯಂಥ ಬಿಗಿತ, ಬಣ್ಣ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ನಿಂತವರು ತಾವಾಗಿಯೇ ಬಾಯಿಗೆ ಬೆರಳು ಇಟ್ಟು ನೋಡಿಕೊಳ್ಳೋಕೆ ಶುರು ಮಾಡಿದರು.

ನಮ್ಮ ಎನ್‌ಸಿಡಿ (ಅಸಾಂಕ್ರಾಮಿಕ ರೋಗ) ತಪಾಸಣೆಯ ಲೆಕ್ಕ 30 ವರ್ಷ ದಾಟಿದವರದ್ದು. ಬಾಯಿ ಬಿಗಿದವರು ನನಗೆ ಹೆಚ್ಚು ಸಿಕ್ಕಿದ್ದು ಅದಕ್ಕಿಂತ ಚಿಕ್ಕವರಲ್ಲಿ. ಅವರಿಗೆ ಬೇರೆ ನೋಟ್‌ಬುಕ್ಕೇ ಇಟ್ಟೆ. ಎರಡು ಸೀಸನ್‌ಗೆ ಸುಮಾರು 340 ಬಾಯಿ ನೋಡಿದೆ. ನಮ್ಮ ಕಡೆ ಇಷ್ಟು ನೋಡಿದವರು ಬೇರೆ ಯಾರೂ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಬಿಗಿತ, ಬಿಳಿ ಕಲೆ ಸೇರಿ 40 ಜನ. ಎರಡು ವಾರವಾದರೂ ಮಾಯದ ಹುಣ್ಣು ಐವರಿಗೆ. ಹುಬ್ಬಳ್ಳಿಗೆ ಕಳಿಸಿದೆ. ಇಬ್ಬರಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ಆದರೆ ಕುತ್ತಿಗೆಗೆ ಇಳಿದಿರಲಿಲ್ಲ. ಆಪರೇಷನ್ ಆಗಿ ಒಬ್ಬರು ಮತ್ತೆ ತೂಕದ ಕೆಲಸಕ್ಕೆ ಬರುತ್ತಿದ್ದಾರೆ.

ಚೀಟಿ ಬರೆದುಕೊಟ್ಟರೆ ಯಾರೂ ಹೋಗಲ್ಲ. ಒಂದು ದಿನದ ಕೂಲಿ ಹೋಗುತ್ತದೆ. ಹಮಾಲರ ಮೇಲ್ವಿಚಾರಕ ಮುಕಾದಮನನ್ನೇ ಒಪ್ಪಿಸಿ ಆ ಕೂಲಿ ಉಳಿಸಿಕೊಟ್ಟೆ. ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ.

ನಡುವೆ ಗುಟ್ಕಾ ಬದಲು ಅಂತ ಸೋಂಪು, ಒಣ ಕೊಬ್ಬರಿ ಪೊಟ್ಟಣ ಹಂಚಿದೆ. ಮೂರು ವಾರಕ್ಕೆ 800 ರೂಪಾಯಿ ಹೋಯಿತು. ಗುಟ್ಕಾ ಜೊತೆಗೆ ಅದನ್ನೂ ತಿಂದರು. 2013ರಲ್ಲಿ ಗುಟ್ಕಾ ನಿಷೇಧವಾದರೂ ಪಾನ್ ಮಸಾಲೆ ಬೇರೆ, ತಂಬಾಕು ಬೇರೆ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ತಂಬಾಕು ಬಿಟ್ಟು ಬರೀ ಅಡಿಕೆಗೆ ಇಳಿದವರನ್ನು 'ಬಿಟ್ಟವರು' ಅಂತ ದಯವಿಟ್ಟು ಬರೆದುಕೊಳ್ಳಬೇಡಿ. ಬಾಯಿ ಬಿಗಿಯೋದೇ ಅಡಿಕೆಯಿಂದ.

ಆ ಹುಡುಗ ಎರಡನ್ನೂ ಬಿಟ್ಟು ಏಳು ತಿಂಗಳಾಯಿತು. ದಂತವೈದ್ಯರು ಹೇಳಿಕೊಟ್ಟಂತೆ ಐಸ್‌ಕ್ರೀಂ ಕಡ್ಡಿ ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು ವ್ಯಾಯಾಮ ಮಾಡುತ್ತಾನೆ. ಮೊದಲು 14 ಹಿಡಿಯುತ್ತಿದ್ದವು. ಮೊನ್ನೆ 16 ಹಿಡಿದವು.