138ನೇ ಸಾನೆಟ್ಟಿನ ‘ಲೈ’ಗೆ ಕೊನೆಗೂ ಕನ್ನಡ ಸಿಕ್ತು (ನನ್ನ ಅನುಭವ)

ಶೇಕ್ಸ್‌ಪಿಯರನ 138ನೇ ಸಾನೆಟ್ಟನ್ನ (ಹದಿನಾಲ್ಕು ಸಾಲಿನ ಪದ್ಯ) ಕನ್ನಡ ಮಾಡೋಕೆ ಕೈ ಹಾಕಿದವರಿಗೆಲ್ಲ ಗೊತ್ತು, ಎಡವೋದು ಕೊನೇ ಎರಡು ಸಾಲಲ್ಲೇ. ‘ಐ ಲೈ ವಿತ್ ಹರ್, ಆಂಡ್ ಶೀ ವಿತ್ ಮಿ’. ‘ಲೈ’ ಅಂದ್ರೆ ಸುಳ್ಳು ಹೇಳೋದೂ ಅದೇ, ಜೊತೆಗೆ ಮಲಗೋದೂ ಅದೇ. ನಲ್ಲೆ ಸುಳ್ಳು ಹೇಳ್ತಾಳೆ ಅಂತ ಪದ್ಯದಲ್ಲಿ ಮಾತಾಡೋ ಇವನಿಗೆ ಗೊತ್ತು, ಇವನಿಗೆ ವಯಸ್ಸಾಗಿದೆ ಅಂತ ಅವಳಿಗೆ ಗೊತ್ತು, ಇಬ್ಬರೂ ಬಾಯಿ ಬಿಡಲ್ಲ. ನಾನು ತುಂಬಾ ಗೌರವಿಸೋ ಹಿರಿಯ ಅನುವಾದಕರೊಬ್ಬರು ‘ಶ್ಲೇಷೆ ದಾಟಲ್ಲಪ್ಪಾ, ಅಡಿಟಿಪ್ಪಣಿ ಹಾಕಿ ಮುಂದೆ ಹೋಗು’ ಅಂದಿದ್ರು. ಅಡಿಟಿಪ್ಪಣಿ ಓದಿ ಯಾರಿಗೆ ನಗು ಬರುತ್ತೆ ಹೇಳಿ, ಅದಕ್ಕೇ ನಾನು ಹಟ ಹಿಡಿದೆ.

ಸುಮಾರು ಎರಡು ವರ್ಷ ಹೋಯ್ತು. ಮೊದಲು ‘ಸುಳ್ಳಾಡಿ ಮಲಗುವೆವು’ ಅಂತ ಮಾಡ್ದೆ, ಸಪ್ಪೆ. ಆಮೇಲೆ ‘ಒರಗು’, ಅದರಲ್ಲಿ ಮೈ ಇದೆ, ಸುಳ್ಳಿಲ್ಲ. ‘ಕೂಡು’ ಅಂತ ಹಿಡ್ಕೊಂಡು ನಾಲ್ಕು ತಿಂಗಳು ಕಳೆದೆ, ಕೂಡಿ ಕಳೆಯೋ ಲೆಕ್ಕ, ವಯಸ್ಸಿನ ಲೆಕ್ಕ, ಮೈ ಕೂಡೋದು ಎಲ್ಲ ಒಂದೇ ಪದದಲ್ಲಿ ಬರುತ್ತೆ ಅಂತ ಖುಷಿಯಾಗಿತ್ತು, ಆದ್ರೆ ಉತ್ತರ ಕರ್ನಾಟಕದ ಗೆಳೆಯನಿಗೆ ಓದಿದ್ರೆ ಅವನು ‘ಇದು ಕೂಡಿಕೆ ಮದುವಿ ಪದ್ಯ ಏನಪಾ?’ ಅಂತ ಕೇಳಿದ (ಅವರ ಕಡೆ ಮರುಮದುವೆಗೆ ಹಾಗಂತಾರೆ), ಅಲ್ಲಿಗೆ ಅದೂ ಬಿತ್ತು. ನಡುವೆ ಟಿಪ್ಪಣಿ ಇರೋ ಎರಡು ಇಂಗ್ಲಿಷ್ ಆವೃತ್ತಿ ತರಿಸಿದ್ದಕ್ಕೆ ಮೂರೂವರೆ ಸಾವಿರ, ಒಂದು ಅನುವಾದ ಕಮ್ಮಟಕ್ಕೆ ಬಸ್ಸು, ಶುಲ್ಕ ಸೇರಿ ಇನ್ನೊಂದು ಮೂರು ಸಾವಿರ. ಕಮ್ಮಟದಿಂದ ನನಗೆ ಏನೂ ಸಿಗಲಿಲ್ಲ.

ಸಿಕ್ಕಿದ್ದು ಅಕ್ಕನ ಫೋನಲ್ಲಿ. ‘ಮನೇಲಿ ಹಾಸಿ ಹೊದೆಯೋಷ್ಟು ಕೆಲಸ ಬಿದ್ದಿದೆ ಕಣೋ’ ಅಂದ್ಲು. ಹಾಸೋದು, ಹೊದೆಯೋದು! ಹಾಸಿಗೆ ಅಲ್ಲೇ ಇದೆ, ಮುಚ್ಚಿಡೋದೂ ಅಲ್ಲೇ ಇದೆ, ‘ಹುಸಿ’ ಪಕ್ಕದಲ್ಲಿ ‘ಹಾಸು’ ಇಟ್ರೆ ಕಿವಿಗೂ ಒಂದೇ ಥರ. ಎರಡರ್ಥ ಒಂದೇ ಪದದಲ್ಲಿ ಬರಬೇಕು ಅನ್ನೋ ಹಟ ಬಿಟ್ಟು ಒಂದೇ ನುಡಿಗಟ್ಟಲ್ಲಿ ಬಂದ್ರೆ ಸಾಕು ಅಂದ್ಕೊಂಡ ಮೇಲೆ ಅರ್ಧ ಗಂಟೇಲಿ ಆಯ್ತು:

ಹುಸಿಯ ಹಾಸುವೆ ನಾನು ಹುಸಿ ಹೊದಿಸುವಳು ಅವಳು
ಕುಂದು ಕಾಣದ ಹಾಗೆ ಬೆಚ್ಚಗಿರುವೆವು ಇರುಳು

ಐದು ಮಾತ್ರೆಯ ನಾಲ್ಕು ಗಣ, ಎಣಿಸಿ ನೋಡಿ, ಎಲ್ಲೂ ಎಳೆದಿಲ್ಲ. ಅದೇ ಧೈರ್ಯದಲ್ಲಿ ಮೊದಲ ಸಾಲಿಗೆ ವಾಪಸ್ ಹೋದೆ. ತಾನು ಸತ್ಯದಿಂದಲೇ ಆದವಳು ಅಂತ ಅವಳು ಪ್ರಮಾಣ ಮಾಡೋ ಜಾಗ. ‘ಆಣೆಯಿಡುವಳು ನಲ್ಲೆ ಹದಿನಾರು ಆಣೆ ನಿಜ’. ದೇವರ ಆಣೆಯೂ ಬಂತು, ಕಾಸಿನ ಆಣೆಯೂ ಬಂತು, ಮುಂದೆ ಅವನು ಅವಳ ಮಾತನ್ನ ‘ಕ್ರೆಡಿಟ್’ (ನಂಬೋದೂ ಹೌದು, ಸಾಲದ ಲೆಕ್ಕವೂ ಹೌದು) ಮಾಡ್ತೀನಿ ಅಂತಾನಲ್ಲ, ಅಲ್ಲಿಗೆ ದುಡ್ಡಿನ ದಾರಿ ತಾನಾಗೇ ತೆರೆದುಕೊಳ್ತು. ಅವಳು ಅವನನ್ನ ಹುಡುಗ ಅಂತ ‘ಎಣಿಸ್ತಾಳೆ’, ಪ್ರೀತಿಯಲ್ಲಿ ವಯಸ್ಸು ‘ಎಣಿಸಬಾರದು’, ಇವೆರಡಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ ಇದೆ, ಮೂಲದಲ್ಲಿ ಅವನು ‘ಥಿಂಕ್ಸ್’, ‘ಟೋಲ್ಡ್’ ಅಂತ ಎರಡು ಬೇರೆ ಪದ ಬಳಸಿದ್ದಾನೆ. ಅಲ್ಲಿ ‘ಟೋಲ್ಡ್’ ಅಂದ್ರೆ ಎಣಿಸಿದ್ದು, ಹೇಳಿದ್ದು ಅಷ್ಟೇ. ‘ಹ್ಯಾಬಿಟ್’ ಅಂದ್ರೆ ಉಡುಪೂ ಹೌದು ರೂಢಿಯೂ ಹೌದು, ಅದಕ್ಕೆ ಏನು ಮಾಡಿದೆ ಅಂತ ಇಲ್ಲಿ ಹೇಳಲ್ಲ, ಪೂರ್ತಿ ಪದ್ಯ ನಾನು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿದೆ.

ಮಧ್ಯೆ ಇದೇ ಪದ್ಯದ 1599ರ ಪಾಠಕ್ಕೂ (ಹಳೇ ರೂಪ) ಕೈ ಹಾಕಿದ್ದೆ. 1609ರ ಕ್ವಾರ್ಟೋಗೆ (ಸಾನೆಟ್ಟುಗಳೆಲ್ಲ ಮೊದಲು ಅಚ್ಚಾದ ಪುಸ್ತಕ) ಹತ್ತು ವರ್ಷ ಮುಂಚೆ ‘ದಿ ಪ್ಯಾಶನೇಟ್ ಪಿಲ್‌ಗ್ರಿಮ್’ ಅನ್ನೋ ಸಂಕಲನದಲ್ಲಿ ಇದೇ ಮೊದಲ ಪದ್ಯವಾಗಿ ಅಚ್ಚಾಗಿತ್ತು, ಆಗ ಕವಿಗೆ ಬರೀ 35, ಆದ್ರೂ ಮುದುಕನ ಮಾತು! ಅದರ ಕೊನೆಯಲ್ಲಿ ‘ಅವಳ ಜೊತೆ’ ಇಲ್ಲ, ‘ಪ್ರೀತಿಯ ಜೊತೆ’ ಇದೆ. ಅದನ್ನೂ ಕನ್ನಡ ಮಾಡಿ ಪಕ್ಕದಲ್ಲಿಟ್ಟು ನೋಡಿದ್ರೆ 1609ರದ್ದೇ ಹರಿತ, ಅನುಮಾನವೇ ಇಲ್ಲ. 135ನೇ ಸಾನೆಟ್ಟಿನ ‘ವಿಲ್’ ಆಟಾನೂ ನೋಡಿದೆ, ‘ವಿಲ್’ ಅಂದ್ರೆ ಆಸೆಯೂ ಹೌದು, ವಿಲಿಯಂ ಅನ್ನೋದರ ಚಿಕ್ಕ ರೂಪವೂ ಹೌದು, ಕವಿಯ ಹೆಸರೇ ಅಲ್ಲಿ ಶ್ಲೇಷೆ, ಹದಿನೈದು ದಿನಕ್ಕೆ ಕೈ ಬಿಟ್ಟೆ.

138ರ ಕನ್ನಡವನ್ನ ಮೊದಲು ಓದಿ ತೋರಿಸಿದ್ದು ಗೆಳೆಯರೊಬ್ಬರ ಮನೆಯಲ್ಲಿ, ಇಪ್ಪತ್ತೈದು ಜನ ಇದ್ದಿರಬಹುದು. ಪೀಠಿಕೆ ಇಲ್ಲ, ಟಿಪ್ಪಣಿ ಇಲ್ಲ. ‘ಹುಸಿ ಹೊದಿಸು’ ಅಂತ ಬರೋ ಹೊತ್ತಿಗೆ ನಗು ಎದ್ದಿತು, ಮುಂದಿನ ಸಾಲಿಗೆ ಎಲ್ಲರೂ ಸುಮ್ಮನಾದ್ರು. ಆ ಹಿರಿಯರೂ ಬಂದಿದ್ರು. ‘ಇನ್ನೊಂದ್ಸಲ ಓದಪ್ಪಾ’ ಅಂದ್ರು.

ಪುಸ್ತಿಕೆ 200 ಪ್ರತಿ, ಹನ್ನೊಂದು ಹನ್ನೆರಡು ಸಾವಿರ ಖರ್ಚು. ಅರವತ್ತು ರೂಪಾಯಿಗೆ ಒಂದರಂತೆ 140 ಹೋಗಿವೆ. ಅದರಲ್ಲಿ ಒಂದು ತಪ್ಪಿದೆ: ‘ಹಾಸಿದೆ’, ‘ಹೊದಿಸಿದಳು’, ‘ಬೆಚ್ಚಗಿದ್ದೆವು’ ಅಂತ ಭೂತಕಾಲದಲ್ಲಿ ಅಚ್ಚಾಗಿದೆ, ಮೂಲದಲ್ಲಿ ಅದು ಒಂದು ರಾತ್ರಿಯ ಮಾತಲ್ಲ, ದಿನಾ ನಡೆಯೋದು. ಮೇಲೆ ಕೊಟ್ಟಿರೋದು ತಿದ್ದಿದ್ದು. ಮಾತ್ರೆ ಒಂದೂ ಕದಲಲಿಲ್ಲ. ಪ್ರತಿ ಇಟ್ಕೊಂಡಿರೋರು ಪೆನ್ನಲ್ಲಿ ತಿದ್ಕೊಳ್ಳಿ.